ಸೇನಾ ಇಲಾಖೆಯ ಮುಖ್ಯಸ್ಥರನ್ನು ಮತದಾರರು ಆರಿಸಬೇಕೆ? ದಕ್ಷಿಣ ಕ್ಯಾರೊಲೈನಾದ ತಿದ್ದುಪಡಿಯ ಕುರಿತು

ಪ್ರಶ್ನೆ – ಅಧ್ಯಾಪಕಿ, ಧಾರವಾಡ

ಪದವಿ ತರಗತಿಯಲ್ಲಿ ಒಕ್ಕೂಟ ವ್ಯವಸ್ಥೆಯ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಗೆ ನಾನು ಅರ್ಧ ಉತ್ತರವನ್ನಷ್ಟೇ ಕೊಡಬಲ್ಲವಳಾದೆ. ನಮ್ಮಲ್ಲಿ ಸೇನೆ ಕೇಂದ್ರ ಪಟ್ಟಿಯ ವಿಷಯ. ವಿಧಾನಸಭೆ ಅದರ ಬಗ್ಗೆ ಕಾನೂನು ಮಾಡುವ ಮಾತೇ ಬರುವುದಿಲ್ಲ. ಅಮೆರಿಕದಲ್ಲಿ ಮಾತ್ರ ಪ್ರತಿ ರಾಜ್ಯಕ್ಕೂ ತನ್ನದೇ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನಾಪಡೆ ಇದೆ, ಅದರ ಮುಖ್ಯಸ್ಥರಾದ ಅಡ್ಜುಟೆಂಟ್ ಜನರಲ್ ಯಾರಾಗಬೇಕು, ಹೇಗೆ ಬರಬೇಕು ಎಂಬುದನ್ನು ರಾಜ್ಯದ ಶಾಸಕಾಂಗವೇ ನಿರ್ಧರಿಸುತ್ತದೆ. ದಕ್ಷಿಣ ಕ್ಯಾರೊಲೈನಾದಲ್ಲಿ ಈ ಹುದ್ದೆಗೆ ಚುನಾವಣೆಯೇ ನಡೆಯುತ್ತಿತ್ತೆಂದೂ 2014ರಲ್ಲಿ ಅದು ನಿಂತಿತೆಂದೂ ಓದಿದೆ. ಜನರ ಕೈಯಲ್ಲಿದ್ದ ಅಧಿಕಾರವನ್ನು ಜನರೇ ಬಿಟ್ಟುಕೊಟ್ಟದ್ದು ಏಕೆ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಕೊಲಂಬಿಯಾ ನಿವಾಸಿ, ದಕ್ಷಿಣ ಕ್ಯಾರೊಲೈನಾ

ಮೇಡಂ, ಆ ವರ್ಷ ನನಗೆ ಇಲ್ಲಿ ಮತದಾನದ ಹಕ್ಕು ಇರಲಿಲ್ಲ, ಆದರೆ ಚರ್ಚೆಯನ್ನು ಹತ್ತಿರದಿಂದ ಕಂಡಿದ್ದೇನೆ. ಈ ರಾಜ್ಯದ 1895ರ ಸಂವಿಧಾನ ಅಟಾರ್ನಿ ಜನರಲ್, ಖಜಾಂಚಿ, ಶಿಕ್ಷಣ ಅಧೀಕ್ಷಕರ ಸಾಲಿನಲ್ಲಿಯೇ ಅಡ್ಜುಟೆಂಟ್ ಜನರಲ್ ಹುದ್ದೆಯನ್ನೂ ಇಟ್ಟು, ಇವರೆಲ್ಲರನ್ನೂ ಜನರೇ ಆರಿಸಬೇಕು ಎಂದಿತು. ಕಾಲ ಕಳೆದಂತೆ ಸೇನಾ ಮುಖ್ಯಸ್ಥರನ್ನು ಜನರ ಮತದಿಂದ ಆರಿಸುವ ರಾಜ್ಯ ಇದೊಂದೇ ಆಗಿ ಉಳಿಯಿತು.

ತೊಡಕು ಎಲ್ಲಿತ್ತೆಂದರೆ, ಅಭ್ಯರ್ಥಿ ಪಕ್ಷದ ಚಿಹ್ನೆಯಡಿ ನಿಲ್ಲಬೇಕು, ಪ್ರಚಾರಕ್ಕೆ ಹಣ ಸಂಗ್ರಹಿಸಬೇಕು. ಆ ಹಣ ಕೊಡುವವರಲ್ಲಿ ನಾಳೆ ಅವರ ಕೈಕೆಳಗೆ ಬಡ್ತಿಗಾಗಿ ಕಾಯುವ ಅಧಿಕಾರಿಗಳೂ ಇರಬಹುದು. ಯಾರೂ ತಪ್ಪು ಮಾಡದಿದ್ದರೂ ಅನುಮಾನಕ್ಕೆ ಎಡೆಯಿತ್ತು, ಮತ್ತು ಸಮವಸ್ತ್ರ ತೊಟ್ಟವರ ನಡುವೆ ಅನುಮಾನ ಹುಟ್ಟುವುದೇ ದೊಡ್ಡ ಹಾನಿ ಎಂದು ನನ್ನ ಭಾವನೆ. ಆಗ ಹುದ್ದೆಯಲ್ಲಿದ್ದ ರಾಬರ್ಟ್ ಲಿವಿಂಗ್‌ಸ್ಟನ್ ಅವರೇ, ಚುನಾವಣೆಯ ಬದಲು ರಾಜ್ಯದ ಚುನಾಯಿತ ಆಡಳಿತ ಮುಖ್ಯಸ್ಥರಾದ ಗವರ್ನರ್ ನೇಮಿಸುವ ಬದಲಾವಣೆಯ ಪರವಾಗಿ ನಿಂತರು, ಇದನ್ನು ನಾನು ಗೌರವದಿಂದ ನೆನೆಯುತ್ತೇನೆ. ಇಲ್ಲಿ ಸಂವಿಧಾನ ತಿದ್ದಬೇಕಾದರೆ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಪ್ರಸ್ತಾಪವನ್ನು ಒಪ್ಪಬೇಕು, ಅನಂತರ ಜನರು ಮತ ಹಾಕಬೇಕು, ಆ ಮೇಲೆ ಸದನಗಳು ಮತ್ತೊಮ್ಮೆ ಅನುಮೋದಿಸಬೇಕು. 2014ರ ನವೆಂಬರ್‌ನಲ್ಲಿ ಜನರು ಒಪ್ಪಿದರು. ಅದೇ ದಿನ ಲಿವಿಂಗ್‌ಸ್ಟನ್ ಅವರೂ ಕೊನೆಯ ಬಾರಿಗೆ ಚುನಾಯಿತರಾದರು. 2019ರಲ್ಲಿ ಗವರ್ನರ್ ಹೆನ್ರಿ ಮೆಕ್‌ಮಾಸ್ಟರ್ ಅವರು ಸೆನೆಟ್‌ನ ಸಮ್ಮತಿಯೊಂದಿಗೆ ವ್ಯಾನ್ ಮೆಕ್‌ಕಾರ್ಟಿ ಅವರನ್ನು ನೇಮಿಸಿದರು.

ಇದೇ ಮತದಾರರು 2018ರಲ್ಲಿ ಶಿಕ್ಷಣ ಅಧೀಕ್ಷಕರ ಹುದ್ದೆಯನ್ನು ನೇಮಕಾತಿಗೆ ಬಿಡುವ ಪ್ರಸ್ತಾಪವನ್ನು ತಿರಸ್ಕರಿಸಿದರು ಎಂಬುದನ್ನು ನಿಮ್ಮ ವಿದ್ಯಾರ್ಥಿಗೆ ತಪ್ಪದೆ ಹೇಳಿ. ಜನರು ಮತದ ಹಕ್ಕನ್ನು ಹಗುರವಾಗಿ ಬಿಟ್ಟುಕೊಡಲಿಲ್ಲ, ಯಾವ ಹುದ್ದೆಗೆ ಚುನಾವಣೆ ಒಗ್ಗುವುದಿಲ್ಲ ಎಂಬುದನ್ನು ವಿಚಾರಿಸಿಯೇ ತೀರ್ಮಾನಿಸಿದರು.

ಉತ್ತರ 2 – ನಿವೃತ್ತ ಸೇನಾಧಿಕಾರಿ, ಮಡಿಕೇರಿ

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡುತ್ತೇನೆ. ನಮ್ಮ ಭೂಸೇನೆಯ ಕೇಂದ್ರ ಕಚೇರಿಯಲ್ಲಿಯೂ ಅಡ್ಜುಟೆಂಟ್ ಜನರಲ್ ಇದ್ದಾರೆ, ಆದರೆ ಅವರು ಸೈನಿಕರ ಭರ್ತಿ, ಶಿಸ್ತು, ಕಲ್ಯಾಣಗಳನ್ನು ನೋಡಿಕೊಳ್ಳುವ ಲೆಫ್ಟಿನೆಂಟ್ ಜನರಲ್. ರಾಜ್ಯಗಳಿಗೂ ಅವರಿಗೂ ಸಂಬಂಧವಿಲ್ಲ.

ನೇಮಕಾತಿಯೇ ಪರಿಹಾರ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ವರ್ಮಾಂಟ್ ರಾಜ್ಯದಲ್ಲಿ ಇಂದಿಗೂ ಶಾಸಕಾಂಗದ ಎರಡು ಸದನಗಳು ಒಟ್ಟಿಗೆ ಸೇರಿ, ಗುಪ್ತ ಮತದಾನದಿಂದ, ಎರಡು ವರ್ಷಕ್ಕೊಮ್ಮೆ ಈ ಅಧಿಕಾರಿಯನ್ನು ಆರಿಸುತ್ತವೆ. ಇನ್ನೊಂದೆಡೆ, ಗವರ್ನರ್ ಒಬ್ಬರ ಮಾತೇ ನಡೆದಾಗ ಏನಾಗಬಹುದು ಎಂಬುದಕ್ಕೆ 1957ರ ಸೆಪ್ಟೆಂಬರ್ ಸಾಕ್ಷಿ. ಅರ್ಕಾನ್ಸಾದ ಗವರ್ನರ್ ಆರ್ವಲ್ ಫಾಬಸ್ ಅವರು ಲಿಟ್ಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಕಾಲಿಡದಂತೆ ತಡೆಯಲು ಇದೇ ಗಾರ್ಡ್ ಪಡೆಯನ್ನು ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಅದೇ ಪಡೆಯನ್ನು ಕೇಂದ್ರದ ಅಧೀನಕ್ಕೆ ತೆಗೆದುಕೊಂಡು, ಜೊತೆಗೆ ಭೂಸೇನೆಯ 101ನೇ ಏರ್‌ಬೋರ್ನ್ ಡಿವಿಷನ್‌ನ ಸೈನಿಕರನ್ನು ಕಳುಹಿಸಬೇಕಾಯಿತು. ಮಕ್ಕಳನ್ನು ತಡೆಯಲು ನಿಂತ ಪಡೆಯೇ ಕೆಲವೇ ವಾರಗಳಲ್ಲಿ ಅವರನ್ನು ಕಾಯಲು ನಿಂತಿತು. ಅಂಥ ಹೊತ್ತಿನಲ್ಲಿ ಆ ಮುಖ್ಯಸ್ಥನ ಸ್ಥಾನದಲ್ಲಿರುವವನ ಪಾಡನ್ನು ಯೋಚಿಸಿದರೆ ಇಂದಿಗೂ ಮನಸ್ಸು ಕಲಕುತ್ತದೆ.

ಉತ್ತರ 3 – ವಕೀಲ, ಬೆಂಗಳೂರು

ಮೇಲಿನ ಎರಡೂ ಉತ್ತರಗಳು ನೇಮಿಸುವ ಕೈ ಯಾವುದು ಎಂಬಲ್ಲಿಗೆ ನಿಂತಿವೆ. ತೆಗೆದುಹಾಕುವ ಕೈ ಯಾವುದು, ಯಾವ ಕಾರಣಕ್ಕೆ ತೆಗೆಯಬಹುದು, ಕನಿಷ್ಠ ಅರ್ಹತೆ ಏನು ಎಂಬ ಮೂರು ಅಂಶಗಳನ್ನು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ನೇಮಕಾತಿಯೂ ಚುನಾವಣೆಯಷ್ಟೇ ದುರ್ಬಲ ಎಂಬುದು ನನ್ನ ದೃಢ ಅಭಿಪ್ರಾಯ. ಗವರ್ನರ್ ಇಚ್ಛಿಸುವವರೆಗೆ ಮಾತ್ರ ಹುದ್ದೆಯಲ್ಲಿರುವ ಅಧಿಕಾರಿ, ಕಾನೂನುಬಾಹಿರ ಆದೇಶ ಬಂದ ದಿನ ಇಲ್ಲವೆನ್ನಲು ಏನನ್ನು ನೆಚ್ಚಿಕೊಳ್ಳಬೇಕು?

ಅಮೆರಿಕದ ಸಂವಿಧಾನ ಗಾರ್ಡ್ ಪಡೆಯ ಅಧಿಕಾರಿಗಳ ನೇಮಕವನ್ನು ರಾಜ್ಯಗಳಿಗೆ ಬಿಟ್ಟು, ತರಬೇತಿಯ ನಿಯಮಗಳನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೈಯಲ್ಲಿರಿಸಿದೆ. ಹೀಗಾಗಿ ರಾಜ್ಯ ಒಬ್ಬರನ್ನು ಮೇಜರ್ ಜನರಲ್ ಎಂದು ಹೆಸರಿಸಿದರೂ, ಆ ದರ್ಜೆಗೆ ಕೇಂದ್ರದ ಮಾನ್ಯತೆ ಬೇರೆಯಾಗಿಯೇ ಸಿಗಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಇದೇ ಅಧಿಕಾರಿ ಮಿಲಿಟರಿ ಇಲಾಖೆಯನ್ನೂ, ಅದರೊಳಗಿನ ವಿಪತ್ತು ನಿರ್ವಹಣೆಯನ್ನೂ ನಡೆಸುತ್ತಾರೆ; ಅಲ್ಲಿ ಪ್ರವಾಹ, ಕಾಡ್ಗಿಚ್ಚಿನ ಕೆಲಸವೂ ಅವರ ಹೊಣೆ.

ತರಗತಿಯಲ್ಲಿ ಹೋಲಿಕೆಗೆ ನಮ್ಮ ರಾಜ್ಯದ ಪೊಲೀಸ್ ಮಹಾನಿರ್ದೇಶಕರ ಹುದ್ದೆಯನ್ನು ತೆಗೆದುಕೊಳ್ಳಬಹುದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಲೋಕಸೇವಾ ಆಯೋಗ ಸೂಚಿಸಿದ ಮೂವರಲ್ಲಿ ಒಬ್ಬರನ್ನು ರಾಜ್ಯ ಆರಿಸಬೇಕು, ಅವರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಎಂದಿತು. ಸೇನೆ ಮತ್ತು ಪೊಲೀಸ್ ಒಂದೇ ಅಲ್ಲ, ನಿಜ. ಆದರೆ ಆಳುವವರ ಒತ್ತಡದಿಂದ ಶಸ್ತ್ರಧಾರಿ ಪಡೆಯ ಮುಖ್ಯಸ್ಥರನ್ನು ಕಾಪಾಡುವ ಪ್ರಶ್ನೆ ಎರಡು ಕಡೆಯೂ ಒಂದೇ.

ಪ್ರಶ್ನೆ ಕೇಳಿದವರಿಂದ

ತಮಗೆಲ್ಲ ಕೃತಜ್ಞತೆಗಳು. ವಕೀಲರು ಹೇಳಿದ ಮೂರು ಅಂಶಗಳನ್ನು ಮುಂದಿಟ್ಟುಕೊಂಡು ದಕ್ಷಿಣ ಕ್ಯಾರೊಲೈನಾ, ವರ್ಮಾಂಟ್ ಎರಡರ ಕಾನೂನುಗಳನ್ನೂ ಓದಿ ಬರಲು ಆ ವಿದ್ಯಾರ್ಥಿಗೇ ಒಪ್ಪಿಸಿದ್ದೇನೆ. ಮುಂದಿನ ಸೋಮವಾರ ಅವನೇ ತರಗತಿಯಲ್ಲಿ ಮಾತನಾಡಲಿದ್ದಾನೆ.