ಅಪ್‌ಡೇಟ್: ಕಿಯಾಯ್ ಕೂಗಿದರೆ ಗಂಟಲು ಕಟ್ಟುತ್ತಿತ್ತಲ್ಲ, ಈಗ ಸರಿಹೋಗಿದೆ

ಕರಾಟೆ ಕ್ಲಾಸಲ್ಲಿ ಕಿಯಾಯ್ (ಏಟಿನ ಜೊತೆ ಹಾಕುವ ಕೂಗು) ಕೂಗಿದ ಮೇಲೆ ಗಂಟಲು ಕಟ್ಟುತ್ತದೆ, ಕಾತಾ (ಒಬ್ಬರೇ ಮಾಡುವ, ಗೊತ್ತಾದ ಕ್ರಮದ ಚಲನೆಗಳ ಸರಣಿ) ಮುಗಿಯುವಷ್ಟರಲ್ಲಿ ಏದುಸಿರು ಬರುತ್ತದೆ, ಏನು ಮಾಡಲಿ ಅಂತ ಕಳೆದ ತಿಂಗಳು ಕೇಳಿದ್ದೆ. 'ಹೊಟ್ಟೆಯಿಂದ ಕೂಗಿ' ಅಂತ ತುಂಬಾ ಜನ ಹೇಳಿದಿರಿ. ಅದು ನಿಜ. ಆದರೆ ನನ್ನ ಅಸಲಿ ತೊಂದರೆ ಅದಕ್ಕೂ ಮೊದಲೇ ಶುರುವಾಗುತ್ತಿತ್ತು.

ಜಯನಗರದ ನಮ್ಮ ಮಾಸ್ಟರ್ ಪಕ್ಕದಲ್ಲೇ ನಿಂತು ನೋಡಿದರು. ನಾವು ಕಲಿಯುವುದು ಶೋಟೋಕಾನ್ ಶೈಲಿಯ ಕರಾಟೆ. ಹೇಯಾನ್ ಶೋದಾನ್ ಕಾತಾದಲ್ಲಿ 21 ಚಲನೆಗಳಿವೆ, ಕಿಯಾಯ್ ಬರುವುದು 9 ಮತ್ತು 17ಕ್ಕೆ. ನಾನು 9ರವರೆಗೂ ಸರಿಯಾಗಿ ಉಸಿರೇ ಬಿಡುತ್ತಿರಲಿಲ್ಲ! ಎದೆ ತುಂಬಾ ಗಾಳಿ ಬಿಗಿಹಿಡಿದು ಕೂಗಿದರೆ ಗಂಟಲಿಗೇ ಪೆಟ್ಟು ಅಲ್ವಾ? "ಪ್ರತಿ ಏಟಿಗೂ ಉಸಿರು ಬಿಡಮ್ಮ. ಆ ಉಸಿರಿಗೆ ದನಿ ಸೇರಿದರೆ ಅದೇ ಕಿಯಾಯ್" ಅಂದರು.

ಎರಡು ವಾರ ಕೂಗಲೇ ಇಲ್ಲ. ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿರ ನಿಂತು, ಹೊಕ್ಕುಳ ಕೆಳಗೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ನಿಧಾನವಾಗಿ ಪಂಚ್. ಮೂಗಿಂದ ಎಳೆದು, ಬಾಯಿಂದ 'ಹ್ಸ್' ಅಂತ ಬಿಡುವುದು. ಮುಷ್ಟಿ ನಿಲ್ಲುವ ಕ್ಷಣಕ್ಕೇ ಹೊಟ್ಟೆ ಗಟ್ಟಿಯಾಗಬೇಕು. ಆಮೇಲೆ ದನಿ ಸೇರಿಸಿದೆ. ಚಿಕ್ಕದು, ಥಟ್ಟನೆ ನಿಲ್ಲುವಂಥದ್ದು. ಗಂಟಲು ನೋಯಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ!

ಒಬ್ಬರು ಸಾಂಚಿನ್ ಕಾತಾದ ಇಬುಕಿ ಉಸಿರಾಟ ಮಾಡಿ ಅಂದಿದ್ದಿರಿ. ಗೋಜು-ರ್ಯೂ ಅನ್ನುವ ಇನ್ನೊಂದು ಶೈಲಿಯವರು ಮಾಡುತ್ತಾರಲ್ಲ, ಅದು. ಮೈಯೆಲ್ಲಾ ಬಿಗಿಮಾಡಿ ಉಸಿರು ತಳ್ಳುವಾಗ ಬಿಪಿ ಏರುತ್ತದೆ, ಹೇಳಿಕೊಡುವವರು ಎದುರಿಗಿಲ್ಲದೆ ಬೇಡ ಅಂದರು ಮಾಸ್ಟರ್. ಬಿಟ್ಟಿದ್ದೇನೆ.

ಕುಮಿತೆಯಲ್ಲಿ (ಜೊತೆಗಾರರೊಡನೆ ಕಾದಾಟದ ಅಭ್ಯಾಸ) ಮಾತ್ರ ಎದುರಾಳಿ ಮುಂದೆ ಬಂದರೆ ಈಗಲೂ ಉಸಿರು ಹಿಡಿಯುತ್ತೇನೆ. ಅದಕ್ಕೆ ನೀವೇನು ಮಾಡಿದಿರಿ, ಹೇಳ್ತೀರಾ?