ಅಪ್‌ಡೇಟ್: ನಾಲ್ಕು ತಿಂಗಳ ಮಗುವಿಗೆ ನೋವಿನ ಔಷಧ, ಕೊನೆಗೆ ಆದದ್ದು

ಲಸಿಕೆ ಹಾಕಿಸಿದ ಸಂಜೆ ತೊಡೆ ಊದಿ, ಮೈ ಬಿಸಿಯಾಗಿ ಅಳುತ್ತಿದ್ದ ನಮ್ಮ ನಾಲ್ಕು ತಿಂಗಳ ಮಗುವಿಗೆ ಯಾವ ನೋವುನಿವಾರಕ ಕೊಡಬಹುದು ಎಂದು ಐದು ದಿನಗಳ ಹಿಂದೆ ಕೇಳಿದ್ದೆ. ಮಗು ಈಗ ಆರಾಮವಾಗಿದೆ.

ಫಲಿಸಿದ್ದು, ವಯಸ್ಸಿಗಿಂತ ತೂಕ ಮುಖ್ಯ, ಮೊದಲು ವೈದ್ಯರಿಗೆ ಫೋನ್ ಮಾಡಿ ಎಂದವರ ಮಾತು. ಪ್ಯಾರಾಸಿಟಮಾಲ್‌ಗೆ ಕಿಲೋವೊಂದಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕವಂತೆ. ನಮ್ಮ ಮಗು 6 ಕಿಲೋ ಇರುವುದರಿಂದ ವೈದ್ಯರು ಒಂದು ಸಲಕ್ಕೆ 60 ಮಿಲಿಗ್ರಾಂ ಸಾಕೆಂದರು, ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು ಕೊಡಲು ಹೇಳಿದರು. ಎರಡೇ ಸಲಕ್ಕೆ ಅಳು ನಿಂತಿತು.

ಐಬುಪ್ರೊಫೇನ್ ಸೂಚಿಸಿದವರ ಸಲಹೆಯನ್ನು ಆರು ತಿಂಗಳು ತುಂಬುವವರೆಗೆ ಬೇಡವೆಂದು ವೈದ್ಯರು ತಳ್ಳಿಹಾಕಿದರು. ಆಸ್ಪಿರಿನ್ ಅಂತೂ ಮಕ್ಕಳಲ್ಲಿ ಯಕೃತ್ತು ಮತ್ತು ಮಿದುಳಿಗೆ ಹಾನಿ ಮಾಡುವ ರೇ ಸಿಂಡ್ರೋಮ್‌ಗೆ ಕಾರಣವಾಗಬಹುದಾದ್ದರಿಂದ ಅದರ ಮಾತೇ ಇಲ್ಲ.

ನನ್ನನ್ನು ನಿಜಕ್ಕೂ ಬೆಚ್ಚಿಸಿದ್ದು ಬಾಟಲಿಯ ಮೇಲಿನ ಸಣ್ಣ ಅಕ್ಷರಗಳು. ಅಕ್ಕನ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ದರೆ, ಶಿಶುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇತ್ತು, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು ತೀಕ್ಷ್ಣ. ಯಾರೋ ಹೇಳಿದ 'ಅರ್ಧ ಚಮಚ'ವನ್ನು ಡ್ರಾಪ್ಸ್‌ನಲ್ಲಿ ಅಳೆದಿದ್ದರೆ 250 ಮಿಲಿಗ್ರಾಂ ಹೋಗುತ್ತಿತ್ತು! ಈಗ ಸೂಜಿಯಿಲ್ಲದ ಸಿರಿಂಜ್‌ನಲ್ಲಿ 0.6 ಎಂಎಲ್ ಅಳೆದು, ಕೊಟ್ಟ ಸಮಯವನ್ನು ಬರೆದಿಡುತ್ತೇನೆ.

ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ 38 ಡಿಗ್ರಿ ಮುಟ್ಟಿದರೆ ಔಷಧಕ್ಕೆ ಕೈಹಾಕದೆ ನೇರವಾಗಿ ಕರೆತರಬೇಕೆಂದೂ ವೈದ್ಯರು ಎಚ್ಚರಿಸಿದರು.