‘ದನಿ ದಪ್ಪಾಗೇತಿ’: ಮುಟ್ಟಿಗೆ ಮುಂಚಿನ ದನಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹೆಣ್ಣುಮಕ್ಕಳ ಆರೋಗ್ಯದ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಟ್ಟಿಗೆ ಮುಂಚೆ ಕೆಲವರ ದನಿ ಮಂಕಾಗುತ್ತದೆ, ಮೇಲಿನ ಸ್ವರ ಹತ್ತುವುದಿಲ್ಲ ಅನ್ನುವ ಕಡೆ ನಿಂತುಬಿಟ್ಟೆ. ಕೈಲಿದ್ದ ಪದಪಟ್ಟಿ ‘ಋತುಪೂರ್ವ ಸ್ವರಭೇದ’ ಅನ್ನುತ್ತದೆ. ಸ್ವರಭೇದ ಆಯುರ್ವೇದದಲ್ಲಿ ದನಿ ಕೆಡುವ ರೋಗ, ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವಗಳಲ್ಲೊಂದು, ಅಂದರೆ ಭಾವ ಉಕ್ಕಿ ದನಿ ಬದಲಾಗುವುದು. ಈ ಹೊತ್ತಗೆ ಓದುವ ಹುಡುಗಿಗೆ ಎರಡೂ ಇಲ್ಲ. ಗಂಡುಹುಡುಗರಿಗಾದರೆ ‘ದನಿ ಒಡೀತು’ ಅಂದು ಮುಗಿಸುತ್ತೇವೆ.

ಹೋದ ವಾರ ದಾವಣಗೆರೆಯ ನಮ್ಮನೆಗೆ ಜಗಳೂರು ಕಡೆಯ ಅತ್ತಿಗೆ ಬಂದಿದ್ದರು. ಸೋಬಾನೆ ಪದ ಎತ್ತಿಕೊಡುವವರು ಅವರೇ. ಜೊತೆಯವರಿಗೆ ಫೋನಿನಲ್ಲಿ, “ಈ ಸಲ ನೀನೇ ಎತ್ತಿಕೊಡವ್ವಾ, ನಾಳೆ ನಾಡಿದ್ದರಾಗೆ ಹೊರಗಾಗ್ತೀನಿ, ದನಿ ದಪ್ಪಾಗೇತಿ” ಅಂದರು. “ನೆಗಡಿನಾ ಅತ್ತಿಗೆ?” ಅಂದೆ. “ನೆಗಡಿಗೆ ಗಂಟ್ಲು ಕಟ್ತತಿ. ಇದು ಕಟ್ಟಲ್ಲ, ದಪ್ಪಾಗ್ತತಿ.”

ಇದಕ್ಕಿಂತ ಕರಾರುವಾಕ್ಕಾದ ಮಾತು ನನ್ನ ಪಟ್ಟಿಯಲ್ಲಿಲ್ಲ. ಹಾರ್ಮೋನುಗಳ ಏರಿಳಿತಕ್ಕೆ ಗಂಟಲೊಳಗಿನ ಧ್ವನಿತಂತು ನೀರು ತುಂಬಿ ತುಸು ಊದುತ್ತದೆ. ಹೆಂಗಸರಲ್ಲಿ ಅದು ಸೆಕೆಂಡಿಗೆ ಸುಮಾರು 200 ಸಲ ಅದುರಬೇಕು. ಊದಿದ್ದು ಬೇಗ ಅದುರದು, ದನಿ ತಗ್ಗುತ್ತದೆ. ಕನ್ನಡದ ‘ದಪ್ಪ’ ಊದಿದ್ದಕ್ಕೂ ಸಲ್ಲುತ್ತದೆ, ತಗ್ಗಿದ ದನಿಗೂ ಸಲ್ಲುತ್ತದೆ. ಯುರೋಪಿನ ಕೆಲವು ಒಪೆರಾ ಮನೆಗಳಲ್ಲಿ ಗಾಯಕಿಯರಿಗೆ ಈ ದಿನಗಳಲ್ಲಿ ಬಿಡುವು ಕೊಡುವ ರೂಢಿಯಿತ್ತು. ಅತ್ತಿಗೆ ತಮ್ಮ ಬಿಡುವನ್ನು ತಾವೇ ತಗೊಂಡರು.

ಅಂಡ ಬಿಡುಗಡೆಯ ಹೊತ್ತಿಗೆ ಇದರ ಉಲ್ಟಾ. ಆಗ ದನಿ ಕೊಂಚ ಏರುತ್ತದೆಂದು ಕ್ಯಾಲಿಫೋರ್ನಿಯಾದ ಸಂಶೋಧಕರಾದ ಬ್ರಯಂಟ್ ಮತ್ತು ಹೇಸಲ್ಟನ್ 2009ರಲ್ಲಿ ಬರೆದರು. ಅದೂ ವಾಕ್ಯ ಆಡುವಾಗ ಮಾತ್ರ. ಬರೀ ಸ್ವರಾಕ್ಷರ ಎಳೆದಾಗ ಕಾಣಲಿಲ್ಲವಂತೆ. ಈ ಏರಿಕೆಗೆ ಅತ್ತಿಗೆಯ ಬಳಿ ಪದವಿಲ್ಲ. “ಚೆನ್ನಾಗಿದ್ದಾಗ ಯಾರು ಹೆಸರಿಡ್ತಾರೆ?” ಅಂದರು.

ಇನ್ನೊಂದು ತೊಡಕು. ‘ತಂತು’ ಅಂದರೆ ದಾರ, ದಾರ ಊದುವುದುಂಟೇ? ನಿಜಕ್ಕೆ ಅವು ತಂತಿಗಳಲ್ಲ, ಮಡಿಕೆಗಳು. ಹಾಗಂತ ‘ದನಿಮಡಿ’ ಅಂತ ಕಟ್ಟಿದೆ. ‘ಮುಟ್ಟಿಗೆ ಮುಂಚೆ ಮಡಿ ಊದುತ್ತದೆ’ ಎಂದು ಬರೆದು ಓದಿಕೊಂಡೆ, ನಗು ತಡೆಯಲಾಗದೆ ಹೊಡೆದುಹಾಕಿದೆ.

ಈಗ ಪ್ರಶ್ನೆ. ತಲೆಬರಹಕ್ಕೆ ನಾಮಪದ ಬೇಕು. ‘ದಪ್ಪದನಿ’ ಅಂದರೆ ಆಗದು. ಕೇಳಿದ್ದಕ್ಕೆ ಅತ್ತಿಗೆ, “ದಪ್ಪದನಿ ನಿಮ್ಮಣ್ಣಂದು, ನಂದು ದಪ್ಪಾಗಿರಾದು” ಅಂದರು. ಬಂದುಹೋಗುವ ಗುಣ ಇರುವುದು ಕ್ರಿಯಾಪದದಲ್ಲೇ. ಹಿರಿಯೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯವರೇ, ನಿಮ್ಮಲ್ಲಿ ಹಾಡೋ ಹೆಂಗಸರು ಏನಂತಾರೆ? ‘ಗಂಟಲು ಭಾರ’ ಅನ್ನುವುದನ್ನು ಈ ಅರ್ಥದಲ್ಲಿ ಕೇಳಿದ್ದೀರಾ, ನೆಗಡಿಗಷ್ಟೇನಾ?